ಗಬ್ಬರ್‌ನ ಬಂಡೆ ಮೇಲೆ ಒಂದು ಭಾನುವಾರ

ರಾಮನಗರಕ್ಕೆ ಹೋಗೋಣ ಅಂದಿದ್ದು ನಾನಲ್ಲ, ಚಿಕ್ಕಪ್ಪ. ಮೂವತ್ತು ವರ್ಷ ಕನ್ನಡ ಸಿನಿಮಾಗಳಲ್ಲಿ ಲೈಟ್‌ಮ್ಯಾನ್ ಆಗಿದ್ದವರು. ಊಟಿ, ಮಡಿಕೇರಿ, ಜೋಗ ಎಲ್ಲ ಕಡೆ ಜನರೇಟರ್ ವ್ಯಾನಿನ ಹಿಂದೆ ಕೂತು ಹೋಗಿ ಬಂದಿದ್ದಾರೆ. ಆದರೆ ಬೆಂಗಳೂರಿಂದ ಐವತ್ತು ಕಿಲೋಮೀಟರ್ ದೂರದ ರಾಮದೇವರ ಬೆಟ್ಟಕ್ಕೆ ಮಾತ್ರ ಒಂದು ಸಲವೂ ಹತ್ತಿರಲಿಲ್ಲವಂತೆ. "ಶೋಲೆ ತೆಗೆದ ಜಾಗ ಕಣೋ, ನೋಡದೇ ಸತ್ರೆ ಯೂನಿಟ್‌ನೋರು ನಗ್ತಾರೆ" ಅಂದರು. ಪಿಯುಸಿ ಓದುವ ಮಗಳನ್ನೂ ಎಬ್ಬಿಸಿಕೊಂಡು ಬೆಳಗಿನ ರೈಲು ಹತ್ತಿದೆವು.

ರೈಲಿನ ಬಗ್ಗೆ ಹೇಳೋಕೆ ಏನೂ ಇಲ್ಲ. ಬಿಡದಿ ಬಂದಾಗ ತಟ್ಟೆ ಇಡ್ಲಿ ನೆನಪಾಯಿತು, ಇಳಿಯಲಿಲ್ಲ, ಅಷ್ಟೇ.

ರಾಮನಗರದಲ್ಲಿ ಇಳಿದು ಆಟೋ ಹಿಡಿದೆವು. ಬೆಟ್ಟ ಅಂದ ಕೂಡಲೇ ಡ್ರೈವರ್ "ಶೋಲೆನಾ ಸಾರ್?" ಅಂದ. ಅವನ ತಾತ ಆ ಸಿನಿಮಾದಲ್ಲಿ ಇದ್ದರಂತೆ, ಊರಿನ ಜನರ ಗುಂಪಿನಲ್ಲಿ, ಪೇಟ ಕಟ್ಟಿಕೊಂಡು. ಈ ಊರಲ್ಲಿ ಯಾರನ್ನು ಕೇಳಿದರೂ ತಾತ ಸಿನಿಮಾದಲ್ಲಿ ಇದ್ದೇ ಇರುತ್ತಾರೆ ಅನ್ನಿಸುತ್ತದೆ. ಇದ್ದರೂ ಇರಬಹುದು ಬಿಡಿ. 1973ರ ಅಕ್ಟೋಬರ್ 3ರಂದು ಇಲ್ಲಿ ಮೊದಲ ಶಾಟ್ ತೆಗೆದರು. ಜಯಾ ಭಾದುರಿಗೆ ಅಮಿತಾಭ್ ತಿಜೋರಿಯ ಕೀ ವಾಪಸ್ ಕೊಡುವ ಶಾಟ್ ಅದು. ಸಿನಿಮಾ ತೆರೆಗೆ ಬಂದದ್ದು 1975ರ ಆಗಸ್ಟ್ 15ಕ್ಕೆ. ನಡುವೆ ಇಡೀ ಯೂನಿಟ್ ಮತ್ತೆ ಮತ್ತೆ ಬಂದು ಹೋಯಿತು. ಕಲಾ ನಿರ್ದೇಶಕ ರಾಮ್ ಯಡೇಕರ್ ಬಂಡೆಗಳ ಬುಡದಲ್ಲಿ ಒಂದು ಊರನ್ನೇ ಕಟ್ಟಿದ್ದರು, ಅದೇ ರಾಮ್‌ಗಢ. ಈಗ ಅದರ ಒಂದು ಕಂಬವೂ ಇಲ್ಲ. ನಿರ್ದೇಶಕರ ಮನೆತನದ ಹೆಸರಲ್ಲಿ ಇಲ್ಲಿ ಒಂದು ಕಡೆಗೆ ಸಿಪ್ಪಿ ನಗರ ಅಂತ ಕರೀತಿದ್ದರಂತೆ.

ಟಿಕೆಟ್ ಕೌಂಟರ್ ಅರಣ್ಯ ಇಲಾಖೆಯದು. ಬೆಟ್ಟ 2012ರಿಂದ ರಣಹದ್ದು ಧಾಮ. ಹಾಗಾಗಿ ಗಲಾಟೆ ಮಾಡುವ ಹಾಗಿಲ್ಲ. ಗಾರ್ಡ್ ಮೊದಲು ಹೇಳಿದ್ದೇ ಅದು. ಚಿಕ್ಕಪ್ಪನಿಗೆ ನಗು. "ಇಲ್ಲಿ ಎಷ್ಟು ಗುಂಡು ಹಾರಿಸವ್ರೆ ಗೊತ್ತೇನಪ್ಪಾ" ಅಂದರು. ಗಾರ್ಡ್ ನಗಲಿಲ್ಲ.

ಮೆಟ್ಟಿಲು ಹತ್ತುತ್ತಾ ಹೋದ ಹಾಗೆ ಆ ಬಂಡೆಗಳು ಒಂದೊಂದಾಗಿ ಗುರುತು ಸಿಗತೊಡಗಿದವು. ಗುರುತು ಅಂದರೆ ಪೂರ್ತಿ ಅಲ್ಲ. ಎಲ್ಲೋ ನೋಡಿದ ಮುಖ, ಹೆಸರು ಬಾಯಿಗೆ ಬರುತ್ತಿಲ್ಲ, ಆ ಥರ. ಸಿನಿಮಾದ ಡಕಾಯಿತ ಗಬ್ಬರ್ ಓಡಾಡಿದ ಜಾಗ ಅಂತ ಒಬ್ಬರು ಒಂದು ಬಂಡೆ ತೋರಿಸಿದರು. ಸ್ವಲ್ಪ ಮೇಲೆ ಇನ್ನೊಬ್ಬರು ಬೇರೆ ಬಂಡೆ ತೋರಿಸಿದರು. ಚಿಕ್ಕಪ್ಪ ಎರಡನ್ನೂ ನೋಡಿ, ಬಿಸಿಲು ಬೀಳುವ ದಿಕ್ಕು ನೋಡಿ, "ಎರಡೂ ಇರಬಹುದು, ಕ್ಯಾಮೆರಾಗೆ ಏನ್ ಗೊತ್ತು" ಅಂದರು.

ನಾನು ಅಲ್ಲೇ ಕೂತೆ. ಮಗಳು ಹಿಂದಿನ ರಾತ್ರಿ ಮೊಬೈಲಲ್ಲಿ ಆ ದೃಶ್ಯ ನೋಡಿದ್ದಳು. ಆರು ಗುಂಡು, ಮೂರು ಜನ. ಇದು ಅನ್ಯಾಯ ಅಂತ ಗಬ್ಬರ್ ಮೂರು ಗುಂಡು ಗಾಳಿಗೆ ಹಾರಿಸುತ್ತಾನೆ, ರಿವಾಲ್ವರಿನ ಚಕ್ರ ತಿರುಗಿಸುತ್ತಾನೆ, ಒಬ್ಬೊಬ್ಬರ ತಲೆಗೂ ಒಂದೊಂದು ಸಲ ಕುದುರೆ ಎಳೆಯುತ್ತಾನೆ. ಮೂರೂ ಖಾಲಿ. ಎಲ್ಲರೂ ನಗುತ್ತಾರೆ. ಆಮೇಲೆ ಮೂವರನ್ನೂ ಹೊಡೆದು ಹಾಕುತ್ತಾನೆ.

"ಅಪ್ಪಾ, ಖಾಲಿ ಮನೆ ಮೂರೂ ಪಕ್ಕಪಕ್ಕದಲ್ಲೇ ಇರುತ್ತೆ ಅಲ್ವಾ? ಸಾಲಾಗಿ ಹಾರಿಸಿದ್ನಲ್ಲ" ಅಂದಳು. ಹೌದು. ಚಕ್ರ ತಿರುಗಿಸಿದ ಮೇಲೆ ಅದು ಆರು ಜಾಗದಲ್ಲಿ ಎಲ್ಲಾದರೂ ನಿಲ್ಲಬಹುದು. ಮೂರು ಸಲವೂ ಖಾಲಿ ಬರಬೇಕು ಅಂದರೆ ಆರರಲ್ಲಿ ಒಂದೇ ಜಾಗದಲ್ಲಿ ನಿಂತಿರಬೇಕು. ಅಂದರೆ ಮೂವರೂ ಉಳಿಯುವ ಅವಕಾಶ ಆರಕ್ಕೆ ಒಂದು. ಹಾಗೆ ಉಳಿದುಬಿಟ್ಟರೆ ಮುಂದಿನ ಮೂರು ಸಲ ಗುಂಡು ಗ್ಯಾರಂಟಿ. ಅವರು ನಗುತ್ತಿದ್ದಾಗ ಲೆಕ್ಕ ಆಗಲೇ ಮುಗಿದಿತ್ತು. ಐವತ್ತು ವರ್ಷದಿಂದ ಈ ದೃಶ್ಯ ನೋಡುತ್ತಿರುವ ಚಿಕ್ಕಪ್ಪ ಬಾಯಿ ತೆರೆದು ಅವಳನ್ನೇ ನೋಡಿದರು. ನನಗೂ ಹೊಳೆದಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆದರೆ ಆ ಜಾಗದಲ್ಲಿ ಕೂತು ನೋಡಿದರೆ ಅನ್ನಿಸುವುದೇ ಬೇರೆ. ಇಲ್ಲಿಂದ ಯಾರೂ ಯಾರಿಗೂ ಗುಂಡು ಹೊಡೆಯೋಕೆ ಆಗುವುದಿಲ್ಲ. ತೆರೆಯ ಮೇಲೆ ಒಂದೇ ಮೈದಾನ ಅನ್ನಿಸಿದ್ದು ಇಲ್ಲಿ ನಾಲ್ಕು ತುಂಡು. ಠಾಕೂರನ ಮನೆಯವರನ್ನು ಕೊಲ್ಲುವ ದೃಶ್ಯವನ್ನೇ ತಗೊಳ್ಳಿ. ತೆರೆ ಮೇಲೆ ಕೆಲವೇ ನಿಮಿಷ. ತೆಗೆಯಲು ಹಿಡಿದದ್ದು 23 ದಿನ. ಶುರು ಮಾಡಿದಾಗ ಬಿಸಿಲಿತ್ತು, ಆಮೇಲೆ ಮೋಡ ಕವಿಯಿತು, ಈ ಬೆಳಕೇ ಚೆನ್ನಾಗಿದೆ ಅಂತ ಮೋಡದಲ್ಲೇ ತೆಗೆಯಲು ನಿರ್ಧರಿಸಿದರು, ಮಾರನೇ ದಿನ ನೋಡಿದರೆ ಬಿಸಿಲು! ಮತ್ತೆ ಮೋಡಕ್ಕೆ ಕಾಯುತ್ತಾ ಕೂತರು. "ಅದೇ ನಮ್ಮ ಕೆಲಸ ಮಗಾ, ಕಾಯೋದು" ಅಂದರು ಚಿಕ್ಕಪ್ಪ. ಗುಂಡು ಹೊಡೆದವನು ಒಂದು ದಿನ ಹೊಡೆದಿರುತ್ತಾನೆ, ಗುಂಡು ತಿಂದವನು ಇನ್ನೊಂದು ದಿನ ಬಿದ್ದಿರುತ್ತಾನೆ. ಬೀಳುವಾಗ ಚಿತ್ರ ಹಾಗೇ ನಿಂತುಬಿಡುತ್ತದೆ. ಮಗುವಿಗೆ ಗುಂಡು ತಗಲುವುದನ್ನು ತೋರಿಸುವುದೇ ಇಲ್ಲ. ಆದರೂ ನಾವು ನೋಡಿದ್ದೇವೆ ಅಂತ ಪ್ರಮಾಣ ಮಾಡುತ್ತೇವೆ.

ರೈಲಿನ ಫೈಟಂತೂ ಇಲ್ಲಿಯದೇ ಅಲ್ಲ, ಮುಂಬೈ ಕಡೆ ಪನ್ವೇಲ್ ಹತ್ತಿರದ್ದು. ಇಲ್ಲಿನ ಕಲ್ಲಿನ ಮೇಲೆ ಬಸಂತಿ ಟಾಂಗಾ ಓಡಿಸುವ ಅಪಾಯದ ಶಾಟ್‌ಗಳಲ್ಲಿ ಇದ್ದದ್ದು ಹೇಮಾ ಮಾಲಿನಿ ಅಲ್ಲ, ರೇಷ್ಮಾ ಪಠಾಣ್ ಅನ್ನುವ ಡೂಪ್. ಟಾಂಗಾ ಉರುಳಿ ಪೆಟ್ಟಾದರೂ ಮತ್ತೆ ಬಂದು ಓಡಿಸಿದ ಹೆಂಗಸು.

ನೀರು ಕುಡಿಯುತ್ತಾ ಚಿಕ್ಕಪ್ಪ ಅಂಗಿ ತೋಳು ಮಡಚಿ ಒಂದು ಕಲೆ ತೋರಿಸಿದರು. ಯಾವುದೋ ಸಿನಿಮಾ, ಹೆಸರು ಬೇಡ ಅಂದರು. ಖಾಲಿ ತೋಟಾ ಅಂದರೆ ಏನೂ ಇಲ್ಲ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಮುಂದಿನ ಸೀಸದ ಗುಂಡು ಇರುವುದಿಲ್ಲ ಅಷ್ಟೇ, ಮದ್ದು ಇರುತ್ತದೆ. ಬೆಂಕಿ, ಬಿಸಿ ಗಾಳಿ, ಚೂರುಪಾರು ಎಲ್ಲ ನಳಿಕೆಯಿಂದ ಹೊರಗೆ ಬರುತ್ತದೆ. ರಿಫ್ಲೆಕ್ಟರ್ ಹಿಡಿದು ಹತ್ತಿರ ನಿಂತಿದ್ದರು, ಸುಟ್ಟಿತು. ಎದೆಯಲ್ಲಿ ರಕ್ತ ಚಿಮ್ಮುವುದೂ ಅಷ್ಟೇ. ಅಂಗಿ ಒಳಗೆ ಬಣ್ಣದ ನೀರಿನ ಪೊಟ್ಟಣ, ಅದರ ಕೆಳಗೆ ಪುಟ್ಟ ಸಿಡಿಮದ್ದು, ಅಲ್ಲಿಂದ ಒಂದು ವೈರು. ದೂರದಲ್ಲಿ ಒಬ್ಬ ಬಟನ್ ಒತ್ತುತ್ತಾನೆ.

1993ರಲ್ಲಿ ಬ್ರೂಸ್ ಲೀ ಮಗ ಬ್ರಾಂಡನ್ ಲೀ ಸತ್ತಿದ್ದು ಇಂಥದ್ದರಲ್ಲೇ. ಮೊದಲೊಂದು ಶಾಟ್‌ಗೆ ಬಳಸಿದ ನಕಲಿ ತೋಟಾದ ಸೀಸದ ತುದಿ ನಳಿಕೆಯಲ್ಲೇ ಸಿಕ್ಕಿಕೊಂಡಿತ್ತು, ಯಾರೂ ನೋಡಲಿಲ್ಲ. ಆಮೇಲೆ ಖಾಲಿ ತೋಟಾ ಹಾರಿಸಿದಾಗ ಅದು ನಿಜವಾದ ಗುಂಡಿನ ಹಾಗೆ ಹೊರಬಂತು. 2021ರ ಅಕ್ಟೋಬರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಹಲೀನಾ ಹಚಿನ್ಸ್ ಸತ್ತಾಗ ರಿವಾಲ್ವರಿನಲ್ಲಿ ಅಸಲಿ ಗುಂಡೇ ಇತ್ತು. ಆಕೆ ಅಲ್ಲಿ ಶೂಟಿಂಗ್ ನಡೆಯುತ್ತಿದ್ದ 'ರಸ್ಟ್' ಸಿನಿಮಾದ ಛಾಯಾಗ್ರಾಹಕಿ. "ಕ್ಯಾಮೆರಾ ಹಿಂದೆ ಇರೋರು ಸಾಯೋದು ಅಂದ್ರೆ..." ಅಂತ ಚಿಕ್ಕಪ್ಪ ಮಾತು ನಿಲ್ಲಿಸಿದರು. ನಮಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಇದೇ ಸೀಮೆಯ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ 2016ರ ನವೆಂಬರಲ್ಲಿ 'ಮಾಸ್ತಿ ಗುಡಿ' ಸಿನಿಮಾ ಶೂಟಿಂಗಿಗೆ ಹೆಲಿಕಾಪ್ಟರಿಂದ ಹಾರಿದ ನಟರಾದ ಉದಯ್ ಮತ್ತು ಅನಿಲ್ ಮೇಲೆ ಬರಲೇ ಇಲ್ಲ. ಆ ದಿನ ಟಿವಿ ನೋಡಿದವರು ಯಾರೂ ಮರೆತಿರಲ್ಲ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಗಲೇ ಮಗಳು ಕೈ ಎತ್ತಿ ತೋರಿಸಿದಳು. ಎದುರಿನ ಕಡಿದಾದ ಬಂಡೆಯ ಮೇಲೆ ಬಿಳಿ ಗೆರೆಗಳು, ಹಿಕ್ಕೆಯವು. ಅದರ ಮೇಲ್ಗಡೆ ರೆಕ್ಕೆ ಅಲ್ಲಾಡಿಸದೆ ಒಂದು ಉದ್ದ ಕೊಕ್ಕಿನ ರಣಹದ್ದು ಸುತ್ತುತ್ತಿತ್ತು. ಒಂದೇ ಒಂದು. ಇವುಗಳನ್ನು ಯಾರೂ ಗುಂಡು ಹೊಡೆದು ಮುಗಿಸಿದ್ದಲ್ಲ. ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್, ಆ ದನ ಸತ್ತ ಮೇಲೆ ತಿಂದ ಹದ್ದಿನ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ದನಗಳಿಗೆ ಆ ಔಷಧ ನಿಷೇಧ ಆಯಿತು. ಅಷ್ಟರಲ್ಲಿ ದೇಶದ ತುಂಬ ಬಹುಪಾಲು ಹೋಗಿದ್ದವು.

ಇಳಿಯುವಾಗ ಮೂರು ಹುಡುಗರು ರೀಲ್ಸ್ ಮಾಡುತ್ತಿದ್ದರು. ಪ್ಲಾಸ್ಟಿಕ್ ಪಿಸ್ತೂಲು, ಒಬ್ಬನ ಬಾಯಲ್ಲಿ "ಢಂ ಢಂ". ಗಾರ್ಡ್ ಓಡಿ ಬಂದು ಬೈದ. ಹುಡುಗರು ಪೆಚ್ಚಾಗಿ ಮೊಬೈಲ್ ಜೇಬಿಗೆ ಹಾಕಿಕೊಳ್ಳುವಷ್ಟರಲ್ಲಿ ಚಿಕ್ಕಪ್ಪ ನಡುವೆ ಹೋಗಿ ನಿಂತರು. ಮಂಡಿ ನೋವು ಎಲ್ಲಿ ಹೋಯಿತೋ.

"ಏ ತಮ್ಮಾ, ಬಾಯಲ್ಲಿ ಯಾಕೋ ಹೊಡೀತೀಯ? ಸೌಂಡ್ ಆಮೇಲೆ ಹಾಕ್ಕೊಳ್ಳೋದು. ನೀನು ಈ ಕಡೆ ತಿರುಗು, ಬಿಸಿಲು ಮುಖಕ್ಕೆ ಬೀಳ್ಲಿ. ನೀನು ಅಲ್ಲಿ ಬೀಳು, ಕಲ್ಲು ನೋಡ್ಕೊಂಡು."

ಗಾರ್ಡ್‌ನ ಮುಖ ನೋಡಿದೆ. ಸದ್ದಿಲ್ಲ, ಹಾಗಾಗಿ ಬೈಯೋಕೆ ಕಾರಣವೂ ಇಲ್ಲ. ಹುಡುಗ ಪಿಸ್ತೂಲು ಎತ್ತಿ ಸುಮ್ನೆ ಬೆರಳು ಒತ್ತಿದ. ಇನ್ನೊಬ್ಬ ನಿಧಾನಕ್ಕೆ ಎದೆ ಹಿಡಿದುಕೊಂಡು ಕುಸಿದ. "ಚೆನ್ನಾಗಿಲ್ಲ, ಒನ್ ಮೋರ್" ಅಂದರು ಚಿಕ್ಕಪ್ಪ, ಪಿಸುದನಿಯಲ್ಲಿ.

ನಾಲ್ಕು ಟೇಕ್ ಆಯಿತು. ನಮ್ಮ ರೈಲು ಹೋಯಿತು.