ಹತೋಟಿಗೆ ಎಷ್ಟು ಅಂಕ?

14 ಮಾರ್ಚ್ 2025, ಶುಕ್ರವಾರ

ಕೊನೆಯ ಕಟ್ಟಿನ ಪ್ರಶ್ನಾವಳಿಗಳನ್ನೂ ಕಂಪ್ಯೂಟರಿಗೆ ಏರಿಸಿ ಮುಗಿಯಿತು. ಕಣ್ಣು ಉರಿಯುತ್ತಿದೆ. ಸರಾಸರಿ ತೆಗೆಯುವ ಕೆಲಸ ನಾಳೆಗಿರಲಿ. ಆ ಹುಡುಗಿ ಹೇಳಿದ್ದನ್ನು ಬರೆದಿಡದೆ ಇವತ್ತು ನಿದ್ದೆ ಬರುವಂತಿಲ್ಲ. ಬರೆದುಕೊಳ್ಳಲೇ ಎಂದು ಅವಳನ್ನು ಕೇಳಿಯೇ ಬಂದಿದ್ದೇನೆ. ಹೆಸರು ಮಾತ್ರ ಬೇಡ ಮೇಡಂ ಎಂದಳು.

ಅಂತಿಮ ವರ್ಷದವಳು. ಉಳಿದವರೆಲ್ಲ ಹಾಳೆ ಕೊಟ್ಟು ಹೋದ ಮೇಲೂ ಪೆನ್ನು ಹಿಡಿದು ಕುಳಿತೇ ಇದ್ದಳು. ನಾವು ಕೊಟ್ಟದ್ದು ವೃತ್ತಿ ಹೊಂದಾಣಿಕೆಯ ಸಾಮರ್ಥ್ಯವನ್ನು, ಅಂದರೆ ಕೆಲಸದ ಬದುಕಿನ ತಿರುವುಗಳಿಗೆ ಒಗ್ಗಿಕೊಳ್ಳುವ ಶಕ್ತಿಯನ್ನು, ಅಳೆಯುವ 24 ಸಾಲುಗಳ ಮಾಪನಿ. ನಾಳೆಯ ಕುರಿತ ಕಾಳಜಿ, ಹತೋಟಿ, ಕುತೂಹಲ, ಆತ್ಮವಿಶ್ವಾಸ. ಒಂದೊಂದಕ್ಕೂ ಆರು ಸಾಲು. ಪ್ರತಿ ಸಾಲಿನ ಎದುರು ಆ ಶಕ್ತಿ ನಿಮ್ಮಲ್ಲಿ ಎಷ್ಟು ಬೆಳೆದಿದೆ ಎಂದು 1ರಿಂದ 5ರವರೆಗೆ ಗುರುತು ಹಾಕಬೇಕು. ಹತೋಟಿಯ ಭಾಗದಲ್ಲಿ ಅವಳು ಸಿಕ್ಕಿಕೊಂಡಿದ್ದಳು.

“ಜವಾಬ್ದಾರಿ ಹೊರುವುದಕ್ಕೆ ಐದು ಹಾಕಿದ್ದೇನೆ ಮೇಡಂ. ಪಾಠ ಹೇಳಿ ತಮ್ಮನ ಶುಲ್ಕ ಕಟ್ಟುತ್ತಿರುವವಳು ನಾನೇ. ಆದರೆ ಸ್ವಂತವಾಗಿ ನಿರ್ಧಾರ ತೆಗೆದುಕೊಳ್ಳುವುದಕ್ಕೆ ಎಷ್ಟು ಹಾಕಲಿ?”

ನಿನಗೆ ಅನಿಸಿದಷ್ಟು ಹಾಕು ಎಂದೆ. ಪ್ರಶ್ನಾವಳಿ ಕೊಡುವವರು ಅದಕ್ಕಿಂತ ಹೆಚ್ಚು ಹೇಳುವಂತಿಲ್ಲ.

“ಅನಿಸುವುದೇ ಎರಡು ಥರ. ನನಗೆ ಸಂಶೋಧನೆ ಮಾಡುವ ಆಸೆ. ಆದರೆ ಪದವಿ ಮುಗಿದ ಕೂಡಲೇ ಮನೆಗೆ ಸಂಬಳ ಬರಬೇಕು. ಯಾರನ್ನೂ ಕೇಳದೆ ಹೊರಟುಬಿಡುವ ಧೈರ್ಯ ನನಗಿದೆ. ಹೊರಡಬಾರದು ಎಂದು ತೀರ್ಮಾನ ಮಾಡಿದವಳೂ ನಾನೇ, ಮನೆಯಲ್ಲಿ ಯಾರೂ ಒತ್ತಾಯ ಮಾಡಿಲ್ಲ. ಇದು ಒಂದೋ ಐದೋ?”

ನನ್ನ ಬಳಿ ಉತ್ತರ ಇರಲಿಲ್ಲ. ಅವಳು ಯಾವುದಕ್ಕೆ ಗುರುತು ಹಾಕಿದಳೋ ತಿಳಿಯದು. ಹಾಳೆಗಳಲ್ಲಿ ಹೆಸರಿಲ್ಲ, ಅವಳದೂ ರಾಶಿಯೊಳಗೆ ಸೇರಿಹೋಯಿತು.

ಈ ಮಾಪನಿಯನ್ನು ಮಾರ್ಕ್ ಸಾವಿಕಾಸ್ ಮತ್ತು ಎರಿಕ್ ಪೋರ್ಫೆಲಿ 2012ರಲ್ಲಿ ಪ್ರಕಟಿಸಿದರು, 13 ದೇಶಗಳ ಸಂಶೋಧಕರ ಜೊತೆಗೂಡಿ. ಆ ಲೇಖನವನ್ನು ಸಂಜೆ ಮತ್ತೆ ತೆರೆದೆ. ಒಟ್ಟು ಮಾಪನಿಯ ವಿಶ್ವಾಸಾರ್ಹತೆ, ಅಂದರೆ ಅದರ ಸಾಲುಗಳ ಉತ್ತರಗಳು ಎಷ್ಟು ಒಟ್ಟೊಟ್ಟಿಗೆ ಸಾಗುತ್ತವೆ ಎಂಬ ಅಳತೆ, 1ಕ್ಕೆ 0.92. ನಾಲ್ಕು ಭಾಗಗಳಲ್ಲಿ ತೀರಾ ಕಡಿಮೆ ಇರುವುದು ಹತೋಟಿಯದು, 0.74. ಕೆಟ್ಟ ಅಂಕಿಯೇನಲ್ಲ. ಆದರೆ ಆ ಆರು ಸಾಲುಗಳು ಉಳಿದವುಗಳಷ್ಟು ಒಟ್ಟೊಟ್ಟಿಗೆ ಸಾಗುವುದಿಲ್ಲ ಎಂಬುದನ್ನು ಅದು ತೋರಿಸುತ್ತದೆ. ಜವಾಬ್ದಾರಿಗೆ ಐದು, ನಿರ್ಧಾರಕ್ಕೆ ಒಂದು ಎನ್ನುವವರು ಬೇರೆ ಕಡೆಯೂ ಇದ್ದಾರೆ ಎಂದು ನನಗಂತೂ ಅನಿಸುತ್ತದೆ. ದೇಶದಿಂದ ದೇಶಕ್ಕೆ ಸರಾಸರಿಗಳನ್ನು ನೇರವಾಗಿ ಹೋಲಿಸಬೇಕಾದರೆ ಒಂದೇ ಅಂಕಕ್ಕೆ ಎಲ್ಲ ಕಡೆಯೂ ಒಂದೇ ಅರ್ಥ ಇರಬೇಕು; ಆ ಸಮಾನತೆಯೂ ಅಲ್ಲಿ ಸಿಗಲಿಲ್ಲ. ಮಾಪನಿ ಕಟ್ಟಿದವರೇ ಇದನ್ನು ಮುಚ್ಚಿಡದೆ ಬರೆದಿದ್ದಾರೆ. ಬಳಸುವವರು ಓದದೆ ಬಿಡುತ್ತಾರೆ.

ಇಂದಿನ ಸಭೆಯಲ್ಲಿ ಆದದ್ದೂ ಅದೇ. ಒಟ್ಟು ಅಂಕ ಕಡಿಮೆ ಇರುವವರ ಪಟ್ಟಿ ಮಾಡಿ ತರಬೇತಿಗೆ ಕಳುಹಿಸೋಣ ಎಂಬ ಸಲಹೆ ಬಂತು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಹೆಸರು ಬೇಡ ಎಂದು ಮಾತು ಕೊಟ್ಟು ಬರೆಸಿಕೊಂಡಿದ್ದೇವೆ, ಅದು ಮೊದಲನೆಯದು. ಇನ್ನು 120ಕ್ಕೆ 84 ಬಂದ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬನಿಗೆ ನಾಲ್ಕೂ ಭಾಗಗಳಲ್ಲಿ 21. ಇನ್ನೊಬ್ಬಳಿಗೆ ಕಾಳಜಿಯಲ್ಲಿ 28, ಹತೋಟಿಯಲ್ಲಿ 14, ಕುತೂಹಲದಲ್ಲಿ 18, ಆತ್ಮವಿಶ್ವಾಸದಲ್ಲಿ 24. ಇಬ್ಬರಿಗೂ ಒಂದೇ ತರಬೇತಿ ಕೊಟ್ಟರೆ ಏನು ಪ್ರಯೋಜನ? ನಾಳೆಯ ಚಿಂತೆ ಅಷ್ಟಿದ್ದು, ಅದರ ಮೇಲೆ ಹಿಡಿತ ಇಷ್ಟೇ ಎನ್ನುವವಳಿಗೆ ಸಂದರ್ಶನ ಎದುರಿಸುವುದನ್ನು ಕಲಿಸಿ ಕಳುಹಿಸುವುದೇ? ಅವಳ ಜೊತೆ ಯಾರಾದರೂ ಕುಳಿತು ಮಾತಾಡಬೇಕು. ಸಲಹೆ ಕೈಬಿಟ್ಟರು, ಸದ್ಯಕ್ಕೆ.

ಹಿಂದೆ ವೃತ್ತಿಯ ಪಕ್ವತೆ ಎಂಬ ಪರಿಕಲ್ಪನೆ ಇತ್ತು. ಹದಿಹರೆಯದವರು ವಯಸ್ಸಿಗೆ ತಕ್ಕಂತೆ ಒಂದೊಂದೇ ಹಂತ ಏರುತ್ತಾರೆ ಎಂದು. ದುಡಿಯುತ್ತಿರುವ ವಯಸ್ಕರಿಗೆ ಅದು ಹೊಂದುವುದಿಲ್ಲ ಎಂದು ಸಂಶೋಧಕರಾದ ಸೂಪರ್ ಮತ್ತು ನಾಸೆಲ್ 1981ರಲ್ಲೇ ಹೊಂದಾಣಿಕೆಯ ಮಾತೆತ್ತಿದ್ದರು. 1997ರಲ್ಲಿ ಸಾವಿಕಾಸ್ ಅದನ್ನೇ ಎಲ್ಲ ವಯಸ್ಸಿಗೂ ವಿಸ್ತರಿಸಿದರು. ನಿರೀಕ್ಷಿಸಿದ ಕೆಲಸಕ್ಕೆ ಸಿದ್ಧವಾಗುವುದರ ಜೊತೆಗೆ ನಿರೀಕ್ಷಿಸದ ತಿರುವಿಗೂ ಒಗ್ಗಿಕೊಳ್ಳುವುದು. ಈ ಶಕ್ತಿಗಳು ವ್ಯಕ್ತಿಯೂ ಅವಳ ಪರಿಸರವೂ ಸಂಧಿಸುವಲ್ಲಿ ಇರುತ್ತವೆ ಎಂಬುದು ಅವರ ವಾದ. ಹಾಗಾದರೆ 14 ಅಂಕದಲ್ಲಿ ಮನೆಯ ಪಾಲೆಷ್ಟು, ಅವಳ ಪಾಲೆಷ್ಟು? 24 ಸಾಲುಗಳಲ್ಲಿ ಒಂದೂ ಮನೆಯ ಬಗ್ಗೆ ಕೇಳುವುದಿಲ್ಲ.

ಸಂತೋಷದ ಸಂಗತಿಯೂ ಒಂದಿದೆ. ಯಾರೋ ಹಾಳೆಯ ಹಿಂಬದಿಯಲ್ಲಿ ಬರೆದಿದ್ದರು: “ಇದನ್ನು ಮೊದಲ ವರ್ಷವೇ ಯಾಕೆ ಕೇಳಲಿಲ್ಲ? ಇಂಥದ್ದನ್ನೆಲ್ಲ ಯೋಚಿಸಬೇಕು ಎಂದೇ ಗೊತ್ತಿರಲಿಲ್ಲ.” ಓದಿ ಆಯಾಸವೆಲ್ಲ ಇಳಿಯಿತು. ಎಷ್ಟು ನ್ಯಾಯವಾದ ದೂರು! ಒಂದೇ ಸಲ ಅಳೆದರೆ ಬೆಳೆದದ್ದೋ ಕುಗ್ಗಿದ್ದೋ ತಿಳಿಯುವುದಾದರೂ ಹೇಗೆ. ಮೊದಲ ವರ್ಷ ಒಮ್ಮೆ, ಅಂತಿಮ ವರ್ಷ ಒಮ್ಮೆ ಕೊಡಬೇಕು. 12 ಸಾಲುಗಳ ಚಿಕ್ಕ ರೂಪವೂ 2017ರಿಂದ ಇದೆ. ಆದರೆ ಅದರಲ್ಲಿ ಹತೋಟಿಗೆ ಉಳಿಯುವುದು ಮೂರೇ ಸಾಲು, ನನಗೆ ಅದು ಸಾಲದು.

ಮೂಲ ಮಾಪನಿಗೆ ಹೊಸ ಸಾಲು ಸೇರಿಸಿದರೆ ಹೋಲಿಕೆ ಕೆಡುತ್ತದೆ. ಪ್ರತ್ಯೇಕ ಹಾಳೆಯಲ್ಲಿ ಕೇಳಬಹುದು: ನಿಮ್ಮ ಸಂಬಳಕ್ಕಾಗಿ ಯಾರು ಕಾಯುತ್ತಿದ್ದಾರೆ, ಆಯ್ಕೆ ಮಾಡುವಾಗ ಯಾರ ಮುಖ ಕಣ್ಣ ಮುಂದೆ ಬರುತ್ತದೆ. ಆದರೆ ಇದನ್ನು ಕೇಳಿ ಅಂಕೆಯಾಗಿಸುವುದು ಹೇಗೆ ಎಂದು ಅಂಕಿಅಂಶದ ಮೇಷ್ಟ್ರನ್ನೇ ವಿಚಾರಿಸಬೇಕು. ಅಂಕೆಯಾಗಿಸಲೇಬೇಕೇ ಎಂಬುದನ್ನೂ. ಸಂಶೋಧನಾ ವಿಭಾಗದಲ್ಲಿ ವಿದ್ಯಾರ್ಥಿವೇತನ ಸಿಗುವ ಹುದ್ದೆ ಯಾವುದಾದರೂ ಇದ್ದರೆ ಆ ಹುಡುಗಿಗೆ ಹೇಳಬೇಕು.