ವಾರ್ಡಿಗೆ ಹೋಗುವವರು ಬೇಕಾಗಿದ್ದಾರೆ

ಆಸ್ಪತ್ರೆಯಲ್ಲಿರುವ ರೋಗಿಗಳನ್ನು ನೋಡಲು ನಮ್ಮ ಇಗರ್ಜಿಯಿಂದ ಒಂದು ತಂಡ ಹೊರಡಬೇಕು ಅಂತ ನಾನು ಹೇಳಿದಾಗ ಫಾದರ್ ಮೊದಲು ಕೇಳಿದ್ದು, "ಯಾವ ಆಸ್ಪತ್ರೆಗೆ ಟೀಚರೇ?" ಕೇರಳದ ಕಾಸರಗೋಡು ಜಿಲ್ಲೆಯ ಬೇಳ, ಬದಿಯಡ್ಕದ ಕಡೆಯವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಜ್ವರಕ್ಕೆ ಕುಂಬಳೆಗೋ ಕಾಸರಗೋಡಿಗೋ ಹೋಗುತ್ತೇವೆ. ಸ್ವಲ್ಪ ಜೋರಾದರೆ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಬೇಕು. ರೇಷನ್ ಕಾರ್ಡು ಕೇರಳದ್ದು, ಧರ್ಮಪ್ರಾಂತ್ಯ (ಬಿಷಪರ ಆಡಳಿತದ ವ್ಯಾಪ್ತಿ) ಮಂಗಳೂರಿನದ್ದು, ದೊಡ್ಡ ಡಾಕ್ಟ್ರೂ ಅಲ್ಲಿಯವರೇ. 2020ರ ಲಾಕ್‌ಡೌನಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಬಿದ್ದು, ಆಂಬುಲೆನ್ಸುಗಳು ತಲಪಾಡಿಯಿಂದ ವಾಪಸ್ ಬಂದು, ಚಿಕಿತ್ಸೆ ಸಿಗದೆ ಜನ ತೀರಿಕೊಂಡದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ತಂಡದ ಯೋಚನೆ ನನ್ನಲ್ಲಿ ಹುಟ್ಟಿದ್ದು ಆ ದಿನಗಳಲ್ಲೇ.

ಶುರು ಮಾಡಿದ್ದು ಒಂದು ಫೆಬ್ರವರಿ 11ರಂದು. ಅದು ಲೂರ್ದ್ ಮಾತೆಯ ಹಬ್ಬ. ಪೋಪ್ ಎರಡನೇ ಜಾನ್ ಪೌಲ್ 1992ರಲ್ಲಿ ಆ ದಿನವನ್ನು ವಿಶ್ವ ರೋಗಿಗಳ ದಿನ ಎಂದು ಘೋಷಿಸಿದ್ದರು. ನಮ್ಮ ಕಡೆ ಈ ಕೆಲಸಕ್ಕೆ ಹಳೆಯ ದಾರಿಯೂ ಇದೆ. ಜರ್ಮನಿಯ ಯೇಸುಸಭೆಯ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯ ಆಲದ ಮರದಡಿ ಹೋಮಿಯೋಪತಿ ಮದ್ದು ಕೊಡತೊಡಗಿದರು. ಅವರ ಹೆಸರಿನ ಈಗಿನ ದೊಡ್ಡ ಆಸ್ಪತ್ರೆ ಬೆಳೆದದ್ದು ಅಲ್ಲಿಂದ. ಅವರ ಕೈಯಲ್ಲಿ ಮದ್ದಿತ್ತು. ನಮ್ಮ ಹತ್ತಿರ ಇರುವುದು ಮಧ್ಯಾಹ್ನದ ಬಿಡುವು ಮತ್ತು ಹುಟ್ಟಿನಿಂದ ಬಾಯಿಗೆ ಬಂದ ನಾಲ್ಕು ಭಾಷೆ: ಕೊಂಕಣಿ, ತುಳು, ಕನ್ನಡ, ಮಲಯಾಳ.

ಈ ನಾಲ್ಕು ಭಾಷೆ ವಾರ್ಡಿನಲ್ಲಿ ಎಷ್ಟು ದೊಡ್ಡ ಆಸ್ತಿ ಎನ್ನುವುದು ನನಗೆ ಗೊತ್ತಾದದ್ದು ಒಬ್ಬ ಅಜ್ಜಿಯಿಂದ. ಎಣ್ಮಕಜೆ ಕಡೆಯವರು, ತುಳು ಬಿಟ್ಟರೆ ಬೇರೆ ಮಾತು ಬಾರದು. ಮಗ ಕೆಳಗೆ ಬಿಲ್ಲಿನ ಕ್ಯೂನಲ್ಲಿದ್ದ. ವಾರ್ಡಿನ ನರ್ಸ್ ಸಿಸ್ಟರ್ ಬಂದು ಮಲಯಾಳದಲ್ಲಿ, ಬೆಳಿಗ್ಗೆ ಸ್ಕ್ಯಾನಿಂಗ್ ಇದೆ, ರಾತ್ರಿಯಿಂದ ಏನೂ ತಿನ್ನಬಾರದು ಅಂದರು. ಅಜ್ಜಿ ಎಲ್ಲದಕ್ಕೂ ತಲೆಯಾಡಿಸಿದರು. ಸಿಸ್ಟರ್ ಅತ್ತ ಹೋದ ಮೇಲೆ ನನ್ನ ಸೆರಗು ಹಿಡಿದು, "ಬಾಯಮ್ಮ, ನನ್ನನ್ನು ಕೊಯ್ಯುತ್ತಾರಂತೆಯಾ?" ಅಂತ ತುಳುವಿನಲ್ಲಿ ಕೇಳಿದರು. ಅವರ ಕೈ ನಡುಗುತ್ತಿತ್ತು. ಇದು ಬರೀ ಫೋಟೋ ತೆಗೆದ ಹಾಗೆ, ಕೊಯ್ಯುವುದಿಲ್ಲ, ಒಂದು ಹೊತ್ತು ಹಸಿದಿದ್ದರೆ ಸಾಕು ಅಂತ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಲೆ ಬಾಚಿ ಕೊಡ್ತೀರಾ?" ಅಂದರು. ಆಸ್ಪತ್ರೆಗೆ ಬಂದ ಮೇಲೆ ಅವರ ಕೂದಲಿಗೆ ಎಣ್ಣೆ ತಾಗಿರಲಿಲ್ಲ, ಹಿಂದೆಲ್ಲ ಗಂಟಾಗಿತ್ತು. ಪಕ್ಕದ ಮಂಚದವರು ತೆಂಗಿನೆಣ್ಣೆ ಬಾಟಲಿ ಕೊಟ್ಟರು. ತುದಿಯಿಂದ ಒಂದೊಂದೇ ಎಳೆ ಬಿಡಿಸಿ ಜಡೆ ಹಾಕುವಷ್ಟರಲ್ಲಿ ನೋಡುವ ಸಮಯ ಮುಗಿದು ಸೆಕ್ಯೂರಿಟಿಯವರು ಬಂದರು. ಆ ದಿನ ನಾನು ಬಾಯಿಬಿಟ್ಟು ಪ್ರಾರ್ಥನೆ ಮಾಡಲಿಲ್ಲ. ಅಜ್ಜಿ ಕೇಳಿರಲಿಲ್ಲ.

ಇದನ್ನು ಒತ್ತಿ ಹೇಳಬೇಕು. "ಕ್ರಿಶ್ಚಿಯನ್ನರು ಆಸ್ಪತ್ರೆಗೆ ಬಂದರೆ ಮತಾಂತರಕ್ಕೇ" ಅನ್ನುವ ಅನುಮಾನ ನಮ್ಮ ಊರಲ್ಲೂ ಇದೆ, ಅದಕ್ಕೆ ನಾನು ಸಿಟ್ಟಾಗುವುದಿಲ್ಲ. ಮಂಚದಲ್ಲಿ ಮಲಗಿದವರಿಗೆ ಎದ್ದು ಹೋಗಲಿಕ್ಕೆ ಆಗುವುದಿಲ್ಲ. ಅಂಥವರ ಮೇಲೆ ನಮ್ಮ ವಿಶ್ವಾಸವನ್ನು ಹೇರುವುದು ಪಾಪ ಅಂತಲೇ ನಾನು ನಂಬಿದ್ದೇನೆ. ಕರಪತ್ರ ಕೊಂಡುಹೋಗುವುದಿಲ್ಲ. ನಮ್ಮವರಲ್ಲಿ ಯಾರಾದರೂ ಪರಮಪ್ರಸಾದ ಬೇಕು, ಅಭ್ಯಂಗ (ರೋಗಿಗೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಬೇಕು ಅಂದರೆ ಫಾದರಿಗೆ ಫೋನ್ ಮಾಡುತ್ತೇವೆ. ಬೇರೆಯವರು ತಾವಾಗಿ "ನಮಗೂ ಪ್ರಾರ್ಥಿಸಿ" ಅಂದರೆ ಎರಡೇ ಮಾತಿನಲ್ಲಿ ಪ್ರಾರ್ಥಿಸುತ್ತೇವೆ. ರೋಗದಲ್ಲಿದ್ದಾಗ ನನ್ನನ್ನು ನೋಡಲು ಬಂದಿರಿ ಅಂತ ಯೇಸುಸ್ವಾಮಿ ಮತ್ತಾಯನ ಸುವಾರ್ತೆಯಲ್ಲಿ ಹೇಳುವಾಗ ರೋಗಿಯ ಧರ್ಮ ಯಾವುದೆಂದು ಕೇಳಿಲ್ಲ.

ಹೋಗುವ ಮೊದಲು ಆಸ್ಪತ್ರೆಯ ಅನುಮತಿ ಬೇಕು. ಇಬ್ಬಿಬ್ಬರಾಗಿ ಹೋಗುವುದು, ಶೀತ ಕೆಮ್ಮು ಇದ್ದವರು ಮನೆಯಲ್ಲೇ ಇರುವುದು, ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಕೈ ತೊಳೆಯುವುದು. ಮಂಚದ ಮೇಲೆ ಕೂರಬಾರದು. ಸಿಸ್ಟರನ್ನು ಕೇಳದೆ ಒಂದು ತುಂಡು ಬ್ರೆಡ್ಡೂ ಕೊಡಬಾರದು, ಸಕ್ಕರೆ ಕಾಯಿಲೆಯವರಿರುತ್ತಾರೆ, ಆಪರೇಶನ್‌ಗೆ ಹಸಿದಿರುವವರಿರುತ್ತಾರೆ. "ಏನು ಕಾಯಿಲೆ?" ಅಂತ ನಾವಾಗಿ ಕೇಳುವುದಿಲ್ಲ. ಫೋಟೋ ಅಂತೂ ಬೇಡವೇ ಬೇಡ. ಮಂಚದಡಿ ಚಾಪೆ ಹಾಸಿ ಮಲಗುವ ಮನೆಯವರನ್ನು ಮರೆಯಬೇಡಿ. "ನಾನಿಲ್ಲಿ ಕೂತಿರುತ್ತೇನೆ, ನೀವು ಹೋಗಿ ಊಟ ಮಾಡಿ, ಮಿಂದು ಬನ್ನಿ" ಅಂದರೆ ಎಷ್ಟೋ ಹೆಂಗಸರ ಕಣ್ಣು ತುಂಬುತ್ತದೆ.

ಡಿಸ್ಚಾರ್ಜ್ ಆದವರ ಮನೆಗೂ ಈಗ ಹೋಗುತ್ತಿದ್ದೇವೆ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳಲ್ಲಿ, ಮಲಗಿದಲ್ಲೇ ದೊಡ್ಡವರಾದ ಮಕ್ಕಳಿದ್ದಾರೆ. ಅವರನ್ನು ಎತ್ತಿ ಎತ್ತಿ ಸೊಂಟ ಹೋದ ಅಮ್ಮಂದಿರಿದ್ದಾರೆ. ಕೇರಳ 2008ರಲ್ಲೇ ಪಾಲಿಯೇಟಿವ್ ಆರೈಕೆಗೆ (ವಾಸಿಯಾಗದ ಕಾಯಿಲೆಯವರ ನೋವು, ಕಷ್ಟ ತಗ್ಗಿಸುವ ಆರೈಕೆ) ನೀತಿ ಮಾಡಿದ್ದರಿಂದ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಮನೆಗೆ ಬರುತ್ತಾರೆ. ಅವರನ್ನು ಕೇಳಿಯೇ ನಾವು ಹೋಗುವುದು. ಯಾವ ಮನೆಗೆ ಜನ ಬೇಕು, ಯಾವ ಮನೆಯವರಿಗೆ ಯಾರೂ ಬರುವುದು ಇಷ್ಟವಿಲ್ಲ ಎನ್ನುವುದು ಅವರಿಗೆ ಗೊತ್ತು.

ಈಗಿನ ಕಷ್ಟ ಒಂದೇ. ತಂಡದಲ್ಲಿ ಇರುವವರೆಲ್ಲ ಹೆಂಗಸರು. ಗಂಡಸರ ವಾರ್ಡಿನಲ್ಲಿ ಗಡ್ಡ ಬೋಳಿಸಿ ಕೊಡಲಿಕ್ಕೆ, ಹಿಡಿದು ಬಾತ್‌ರೂಮಿಗೆ ಕರೆದೊಯ್ಯಲಿಕ್ಕೆ ನಮ್ಮಿಂದ ಆಗುವುದಿಲ್ಲ. ಗಲ್ಫಿನಿಂದ ಊರಿಗೆ ಮರಳಿ ಮನೆಯಲ್ಲಿರುವ ಅಣ್ಣಂದಿರೇ, ತಿಂಗಳಿಗೆ ಒಂದು ಮಧ್ಯಾಹ್ನ ಕೊಡಿ. ಭಾನುವಾರ ಎರಡನೇ ಪೂಜೆ ಬಿಟ್ಟ ಮೇಲೆ ಗಂಟೆಗೋಪುರದ ಹತ್ತಿರ ನಾವು ಸೇರುತ್ತೇವೆ. ತುಳು ಬರುವವರಾದರೆ ಅದೇ ವಾರ ಕರೆದುಕೊಂಡು ಹೋಗುತ್ತೇವೆ.