ಒಂಟಿ ಮರ ಕಂಡರೆ ಒಂಟಿತನವೇ?

ಚಿತ್ರದಲ್ಲಿ ಒಂದೇ ಒಂದು ಮರ ಕಂಡರೆ ಸಾಕು, "ಇದು ಒಂಟಿತನದ ಸಂಕೇತ" ಎಂದು ತೀರ್ಪು ಕೊಟ್ಟುಬಿಡುವವರ ಮೇಲೆ ನನಗೆ ಸಣ್ಣದೊಂದು ಸಿಟ್ಟಿದೆ. ದಾರಿ ಎಂದರೆ ಬದುಕು, ಖಾಲಿ ದೋಣಿ ಎಂದರೆ ಸಾವು, ಹಕ್ಕಿ ಎಂದರೆ ಬಿಡುಗಡೆ. ಇಷ್ಟೇ ಆಗಿದ್ದರೆ ಚಿತ್ರ ಬರೆಯುವ ಉಸಾಬರಿಯಾದರೂ ಏಕೆ? ನನ್ನ ಅಕ್ಕನ ಮಗಳು ಪೆನ್ಸಿಲ್‌ನಲ್ಲಿ ಬರೆದ ಕೆರೆಯ ಚಿತ್ರದಲ್ಲೂ ದೋಣಿ ಖಾಲಿ ಇತ್ತು. ಏಕೆಂದು ಕೇಳಿದರೆ, "ಮಾಮ, ನನಗೆ ಮನುಷ್ಯರನ್ನು ಬರೆಯಲು ಬರುವುದಿಲ್ಲ" ಎಂದಳು.

ಹಾಗೆಂದು ಸಂಕೇತವೇ ಸುಳ್ಳು ಎನ್ನಲಾರೆ. ಚೀನಾದ ನೀ ಜಾನ್ 1345ರಲ್ಲಿ ಕಾಗದದ ಮೇಲೆ ಮಸಿಯಲ್ಲಿ ಬರೆದ ಚಿತ್ರವೊಂದು ಈಗ ಶಾಂಘೈ ವಸ್ತುಸಂಗ್ರಹಾಲಯದಲ್ಲಿದೆ. ಮುಂಭಾಗದಲ್ಲಿ ಒಂದು ದಿಬ್ಬ, ಅದರ ಮೇಲೆ ಆರು ಮರ. ಆಚೆಗೆ ಒಂದು ಗೆರೆಯನ್ನೂ ಎಳೆಯದೆ ಬಿಟ್ಟ ಬಿಳಿ ಜಾಗ, ಅದೇ ನೀರು. ಇನ್ನೂ ಆಚೆ ತಗ್ಗು ಬೆಟ್ಟಗಳ ಸಾಲು. ನರಪಿಳ್ಳೆಯೂ ಇಲ್ಲ. ಚಿತ್ರದ ಹೆಸರು 'ಆರು ಸಜ್ಜನರು'. ಹೆಸರು ತಿಳಿದದ್ದೇ ತಡ, ಮಂಗೋಲರ ಆಳ್ವಿಕೆಯಲ್ಲಿ ಅಧಿಕಾರದ ಹಂಗಿಲ್ಲದೆ ತಲೆಯೆತ್ತಿ ಉಳಿದ ವಿದ್ವಾಂಸರು ಆ ಮರಗಳಲ್ಲಿ ಕಾಣತೊಡಗುತ್ತಾರೆ.

ಆದರೆ ನೀ ಜಾನ್ ಚಿತ್ರದ ಮೇಲೆಯೇ ಬರೆದಿಟ್ಟ ಒಕ್ಕಣೆಯಲ್ಲಿ ಸಜ್ಜನರ ಸುದ್ದಿಯೇ ಇಲ್ಲ. ಕಂಡಾಗಲೆಲ್ಲ ಚಿತ್ರ ಬೇಕೆಂದು ಗಂಟುಬೀಳುವ ಪರಿಚಿತನೊಬ್ಬ, ದಡಕ್ಕೆ ಕಟ್ಟಿದ ದೋಣಿಯಲ್ಲಿ ದೀಪ ಹಚ್ಚಿ ಈ ಕಾಗದವನ್ನು ಮುಂದೆ ಹಿಡಿದನಂತೆ. ತಾನು ಆಗಲೇ ಬಹಳ ದಣಿದಿದ್ದರೂ ಬೇರೆ ದಾರಿಯಿಲ್ಲದೆ ಬರೆದುಕೊಟ್ಟೆ, ಹಿರಿಯ ಚಿತ್ರಕಾರರಾದ ಹುವಾಂಗ್ ಗೊಂಗ್‌ವಾಂಗ್ ನೋಡಿದರೆ ಖಂಡಿತ ನಗುತ್ತಾರೆ ಎನ್ನುತ್ತಾನೆ. ಆ ಹಿರಿಯರೂ ನೋಡಿದರು. ನಗುವ ಬದಲು ಅದೇ ಕಾಗದದ ಮೇಲೆ ಒಂದು ಪದ್ಯ ಬರೆದರು. ಮರಗಳನ್ನು ಆರು ಸಜ್ಜನರೆಂದು ಕರೆದದ್ದು ಆ ಪದ್ಯ.

ಹಾಗಾದರೆ ಅರ್ಥವನ್ನು ಹೊರಗಿನಿಂದ ತಂದು ಅಂಟಿಸಿದರೇ? ನನಗೆ ಹಾಗನ್ನಿಸುವುದಿಲ್ಲ. ಮತ್ತೊಮ್ಮೆ ನೋಡಿ: ಆರೂ ಬೇರೆ ಬೇರೆ ಜಾತಿಯ ಮರಗಳು, ಎಲೆ ಬರೆದ ಕುಂಚದ ಗುರುತಿನಲ್ಲೇ ಒಂದೊಂದನ್ನೂ ಬಿಡಿಸಿ ಹೇಳಬಹುದು. ಒತ್ತೊತ್ತಾಗಿದ್ದರೂ ಒಂದು ಇನ್ನೊಂದಕ್ಕೆ ಒರಗಿಲ್ಲ. ದಣಿದ ಕೈ ಅಷ್ಟನ್ನಂತೂ ಬರೆದಿತ್ತು. ಹುವಾಂಗ್ ಓದಿದ್ದು ಅದನ್ನೇ. ಸಂಕೇತ ಹೇಳುವವರು ಇಂಥ ಗೆರೆಯೊಂದನ್ನು ಬೆರಳಿಟ್ಟು ತೋರಿಸಬೇಕು ಎಂಬುದಷ್ಟೇ ನನ್ನ ಹಟ.

ಅದಕ್ಕೇ ಡಚ್ ಚಿತ್ರಕಾರ ರೆಂಬ್ರಾಂಟ್ 1643ರಲ್ಲಿ ತಾಮ್ರದ ತಗಡಿನಿಂದ ಅಚ್ಚು ತೆಗೆದ 'ಮೂರು ಮರಗಳು' ಚಿತ್ರದ ಬಗ್ಗೆ ನನ್ನ ತಕರಾರು ಇನ್ನೂ ಮುಗಿದಿಲ್ಲ. ಮರಗಳೆಂದರೆ ಏಸುವನ್ನೂ ಅವನ ಜೊತೆಗೆ ಇಬ್ಬರು ಕಳ್ಳರನ್ನೂ ಏರಿಸಿದ ಮೂರು ಶಿಲುಬೆಗಳು ಎಂದು ಹಲವರು ಓದುತ್ತಾರೆ. ಹಿಂದಿನ ವರ್ಷವಷ್ಟೇ ಹೆಂಡತಿ ಸಾಸ್ಕಿಯಾ ತೀರಿಕೊಂಡಿದ್ದಳು, ಹಾಗಾಗಿ ದುಃಖವನ್ನೂ ಸೇರಿಸುತ್ತಾರೆ. ಭೂತಗನ್ನಡಿ ಹಿಡಿದು ನೋಡಿ. ಎಡಗಡೆ ಮೇಲೆ, ಅಳತೆಪಟ್ಟಿ ಇಟ್ಟು ಎಳೆದಂತೆ ಓರೆಯಾಗಿ ಸುರಿಯುವ ಮಳೆ. ಕೆಳಗೆ ನೀರಿನ ಅಂಚಿನಲ್ಲಿ ಗಾಳ ಹಾಕಿ ಕೂತವನೊಬ್ಬ. ಬಲಗಡೆಯ ಏರಿನ ಮೇಲೆ ಇಷ್ಟು ದೊಡ್ಡ ಬಿರುಗಾಳಿಯ ಪರಿವೆಯೇ ಇಲ್ಲದೆ ಚಿತ್ರ ಬರೆಯುತ್ತಿರುವ ಚಿಕ್ಕ ಆಕೃತಿ. ಬಲ ಮೂಲೆಯ ಕಗ್ಗತ್ತಲ ಪೊದೆಯೊಳಗೆ, ಸಣ್ಣ ಮುದ್ರಣದಲ್ಲಿ ಕಣ್ಣಿಗೇ ಬೀಳದ ಹಾಗೆ, ಒಂದು ಪ್ರೇಮಿಗಳ ಜೋಡಿ. ಶಿಲುಬೆ ಎನ್ನುವವರು ಆ ಜೋಡಿಗೂ ತಮ್ಮ ಅರ್ಥದಲ್ಲಿ ಒಂದು ಜಾಗ ಮಾಡಿಕೊಡಲಿ, ಆಮೇಲೆ ನಾನೂ ಒಪ್ಪುತ್ತೇನೆ.